ದೋಸೆಗೆ ಹನ್ನೊಂದನೇ ಟೇಕ್

ನಮ್ಮಜ್ಜಿಗೆ ಎರಡು ಕಡೆ ಲೆಕ್ಕ ತಪ್ಪುವುದಿಲ್ಲ. ಒಂದು, ಹಾಲಿನವನ ಬಾಕಿ. ಇನ್ನೊಂದು, ಕಾವಲಿಯಿಂದ ಎದ್ದ ದೋಸೆ. ಇದು ಚೆನ್ನಾಗಿ ಗೊತ್ತಿದ್ದೂ ಅವರ ಅಡುಗೆಮನೆಯನ್ನೇ ಸಿನಿಮಾ ಸೆಟ್ ಮಾಡಿಕೊಂಡೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕೋ.

2024ರ ಬೇಸಿಗೆ. ಮೈಸೂರಿನಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೆ. ಕೊನೆಯ ಸೆಮಿಸ್ಟರಿಗೆ ಐದು ನಿಮಿಷದ ಕಿರುಚಿತ್ರ ಮಾಡಬೇಕು, 25 ಅಂಕ. ವಿಷಯಗಳನ್ನು ಚೀಟಿ ಎತ್ತಿಸಿ ಹಂಚಿದರು. ನಮಗೆ ಬಂದದ್ದು 'ಊಟದ ಮೇಲೆ ಸೋಷಿಯಲ್ ಮೀಡಿಯಾ ಪ್ರಭಾವ'. ಪಕ್ಕದ ಗುಂಪಿಗೆ ಕೆರೆ ಒತ್ತುವರಿ ಬಂತು. ಅಯ್ಯೋ ಪಾಪ ಅಂದುಕೊಂಡೆವು. ಪಾಪ ಯಾರು ಅನ್ನುವುದು ಆಮೇಲೆ ಗೊತ್ತಾಯಿತು. ಕೆರೆ ಬಿಸಿ ಆರುವುದಿಲ್ಲ. ಎರಡನೇ ಟೇಕಿಗೆ ಅದನ್ನು ಹೊಸದಾಗಿ ಹುಯ್ಯಬೇಕಾಗಿಲ್ಲ. ಶೂಟಿಂಗ್ ಮುಗಿಯುವುದರೊಳಗೆ ಯಾರೂ ಅದನ್ನು ತಿಂದು ಮುಗಿಸುವುದಿಲ್ಲ. (ತಿನ್ನುವವರು ಇದ್ದಾರೆ. ಆದರೆ ಅವರಿಗೂ ಒಂದೆರಡು ವರ್ಷವಾದರೂ ಬೇಕು.)

ನಾವು ನಾಲ್ಕು ಜನ. ಕಥೆ, ನಿರ್ದೇಶನ, ಎಡಿಟಿಂಗ್ ನನ್ನದು. ಕ್ಯಾಮೆರಾ ಹಿಡಿದವನು ದಾವಣಗೆರೆಯವನು. ಫೋನೂ ಅವನದೇ ಆದ್ದರಿಂದ ಅವನ ಮಾತಿಗೆ ತೂಕ ಜಾಸ್ತಿ. ಸೌಂಡಿಗೆ ಶಿವಮೊಗ್ಗದ ಒಬ್ಬ ಹುಡುಗಿ. ಹೀರೋ ಮಂಡ್ಯ ಕಡೆಯ ಹಳ್ಳಿಯವನು. ಅವನನ್ನು ಆರಿಸಿದ್ದು ಮುಖ ನೋಡಿ ಅಲ್ಲ. ಎಷ್ಟು ಟೇಕ್ ಆದರೂ ತಿನ್ನುವ ತಾಕತ್ತು ಅವನಿಗೆ ಮಾತ್ರ ಇತ್ತು.

ಕಥೆ ಸರಳ. ಹುಡುಗನೊಬ್ಬ ರೀಲ್ಸ್ ಹುಚ್ಚಿಗೆ ಬಿದ್ದಿದ್ದಾನೆ. ತಟ್ಟೆ ಬಂದರೆ ಮೊದಲು ಫೋನು, ಆಮೇಲೆ ಬಾಯಿ. ಅಜ್ಜಿ ಹಾಕಿಕೊಟ್ಟ ದೋಸೆ ಆರುತ್ತದೆ, ಅಮ್ಮ ತಿರುವಿದ ಮುದ್ದೆ ಒಣಗುತ್ತದೆ, ಗಾಡಿಯ ಗೋಬಿ ಮೆತ್ತಗಾಗುತ್ತದೆ. ಕೊನೆಗೆ ಬ್ಯಾಟರಿ ಸತ್ತು ಊಟದ ರುಚಿ ಗೊತ್ತಾಗುತ್ತದೆ. ಬರೆದು ಮುಗಿಸಿದ ರಾತ್ರಿ ನನಗೆ ನನ್ನ ಮೇಲೇ ಗೌರವ ಬಂದಿತ್ತು.

ಹಾಗಂತ ನಾನೇನು ಸಾಚಾ ಅಲ್ಲ. 2020ರ ಲಾಕ್‌ಡೌನಿನಲ್ಲಿ ಊರಿಗೆಲ್ಲ ಡಾಲ್ಗೋನಾ ಕಾಫಿ ಹುಚ್ಚು ಹಿಡಿದಾಗ ನನಗೂ ಹಿಡಿದಿತ್ತು. ಇನ್‌ಸ್ಟಂಟ್ ಕಾಫಿಪುಡಿ, ಸಕ್ಕರೆ, ಬಿಸಿನೀರು ಮೂರನ್ನೂ ಸಮ ಹಾಕಿಕೊಂಡು ನೊರೆ ಗಟ್ಟಿಯಾಗುವ ತನಕ ಕಲಕಬೇಕು. ಮುಕ್ಕಾಲು ಗಂಟೆ ಚಮಚದಲ್ಲಿ ಕಲಕಿದೆ. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. "ಇಷ್ಟು ಹೊತ್ತು ಮೊಸರು ಕಡೆದಿದ್ದರೆ ಬೆಣ್ಣೆಯಾದರೂ ಬರ್ತಿತ್ತು" ಅಂದು ಒಳಗೆ ಹೋದರು. ಆ ಜೂನ್ ಕೊನೆಗೆ ಟಿಕ್‌ಟಾಕ್ ಬ್ಯಾನ್ ಆಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ನನ್ನ ಕೈನೋವು ಮಾತ್ರ ಎರಡನ್ನೂ ನೋಡಿತು.

ಸರಿ, ಮೊದಲ ದಿನ ದೋಸೆ. ಅಜ್ಜಿಯ ಷರತ್ತು ಒಂದೇ. ಸ್ನಾನ ಮಾಡದವರು ಅಡುಗೆಮನೆ ಒಳಗೆ ಕಾಲಿಡುವ ಹಾಗಿಲ್ಲ. ಬೆಳಗಿನ ಎಳೆ ಬಿಸಿಲಲ್ಲಿ ಶೂಟ್ ಮಾಡೋಣ ಅಂತ ಆರೂವರೆಗೇ ಬಂದಿದ್ದ ಮೂವರೂ ಒಬ್ಬರಾದ ಮೇಲೆ ಒಬ್ಬರು ನಮ್ಮ ಬಚ್ಚಲಿಗೆ ಹೋಗಿಬಂದರು. ಗೀಸರ್ ಚಿಕ್ಕದು. ಕೊನೆಯವನು ಹೊರಗೆ ಬರುವಾಗ ಹತ್ತು ಗಂಟೆ. ಎಳೆ ಬಿಸಿಲು ಬಲಿತು ಮುದಿಯಾಗಿತ್ತು. ಟ್ಯೂಬ್‌ಲೈಟ್ ಹಾಕಿದೆವು.

ಅಷ್ಟರಲ್ಲಿ ಕ್ಯಾಮೆರಾದವನು ತಕರಾರು ತೆಗೆದ. ಅಜ್ಜಿ ಮೈಸೂರಿನವರು, ದೋಸೆ ಒಳಗೆ ಕೆಂಪು ಚಟ್ನಿ ಸವರುತ್ತಾರೆ. "ಬೆಣ್ಣೆ ದೋಸೆಗೆ ಕೆಂಪು ಚಟ್ನಿನಾ? ಇದನ್ನ ನಾನು ಶೂಟ್ ಮಾಡಲ್ಲ" ಅಂದ. ಊರಿನ ಅಭಿಮಾನ. 1928ರಲ್ಲಿ ಬೆಳಗಾವಿ ಕಡೆಯಿಂದ ದಾವಣಗೆರೆಗೆ ಬಂದ ಚೆನ್ನಮ್ಮ ಎಂಬಾಕೆಯಿಂದ ಈ ದೋಸೆಯ ಕಥೆ ಶುರುವಾಗುತ್ತದೆ ಅಂತ ಅವರ ಊರಲ್ಲಿ ಹೇಳುತ್ತಾರೆ. ಅದನ್ನೆಲ್ಲ ನಮ್ಮಜ್ಜಿಗೆ ಒಪ್ಪಿಸಿದ. ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬಬೇಕು, ಚಟ್ನಿ ಬಿಳೀದೇ ಇರಬೇಕು, ಪಲ್ಯ ಸಪ್ಪೆ ಇರಬೇಕು ಅಂದ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ಸಪ್ಪೆ ಪಲ್ಯ ತಿನ್ನೋಕೆ ಅಷ್ಟು ದೂರ ಯಾಕಪ್ಪ ಹೋಗ್ಬೇಕು" ಅಂದರು. ಕೊನೆಗೆ ಕೆಂಪು ಚಟ್ನಿ ಒಳಗೇ ಇರಲಿ, ಬೆಣ್ಣೆ ಮೇಲೆ ಇರಲಿ ಅಂತ ರಾಜಿ ಆಯಿತು. ಬೆಣ್ಣೆ ಅರ್ಧ ಕೆಜಿ ತಂದಿದ್ದೆವು.

ನಾನು ಬರೆದ ಡೈಲಾಗು ಹೀಗಿತ್ತು: "ಈಗಿನ ಕಾಲದ ಮಕ್ಕಳು ಊಟದ ಸವಿಯನ್ನೇ ಮರೆತುಬಿಟ್ಟಿದ್ದಾರೆ." ಅಜ್ಜಿ ಓದಿ, "ಇದು ಯಾರು ಮಾತಾಡೋ ಭಾಷೆನೋ?" ಅಂದರು. "ತಿನ್ನೋ, ಆರಿ ಹೋಗತ್ತೆ" ಅಂತ ಮಾತ್ರ ಹೇಳ್ತೀನಿ ಅಂದರು. ಅಷ್ಟನ್ನೇ ಹೇಳಿದರು. ನಾನು 'ಆಕ್ಷನ್' ಅಂದಾಗ ಮಾತ್ರ ಅಲ್ಲ, ಇಡೀ ದಿನ ಹೇಳಿದರು.

ಮೊದಲ ಟೇಕಿನಲ್ಲಿ ಕುಕ್ಕರ್ ಕೂಗಿತು. ಎರಡನೆಯದಕ್ಕೆ ಪಕ್ಕದ ಮನೆಯ ಮಿಕ್ಸಿ. ಮೂರನೆಯದರಲ್ಲಿ ಬೆಣ್ಣೆ ಕ್ಯಾಮೆರಾ ಆನ್ ಆಗುವ ಮೊದಲೇ ಕರಗಿ ತಟ್ಟೆಯ ಅಂಚಿಗೆ ಹರಿಯಿತು. ನಾಲ್ಕನೆಯದು ಅದ್ಭುತವಾಗಿ ಬಂತು. ಬೆಣ್ಣೆ ಮುದ್ದೆ ಬಿಸಿ ದೋಸೆ ಮೇಲೆ ಕೂತು, ಒಂದು ಕಡೆ ವಾಲಿ, ಅಂಚು ಕರಗಿ, ತೂತು ತೂತಿನೊಳಗೆ ಇಳಿಯುವುದನ್ನು ಸ್ಲೋ ಮೋಷನ್‌ನಲ್ಲಿ ತೆಗೆದೆವು. ನಾಲ್ಕೂ ತಲೆ ಒಂದೇ ಫೋನಿನ ಮೇಲೆ ಬಗ್ಗಿಸಿ ನೋಡಿದರೆ ದೋಸೆ ಪಟಪಟ ಕಣ್ಣು ಹೊಡೆಯುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಸೆಕೆಂಡಿಗೆ 120 ಫ್ರೇಮ್ ಹಿಡಿಯುವ ಸ್ಲೋ ಮೋಷನ್‌ಗೆ ಗೊತ್ತಾಗುತ್ತದೆ. ಇದನ್ನು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಆವತ್ತು ನಾವು ನಾಲ್ವರೂ ಕ್ಯಾಂಟೀನಿನಲ್ಲಿದ್ದೆವು.

ಲೈಟ್ ಆರಿಸಿ, ತಟ್ಟೆಯನ್ನು ಕಿಟಕಿ ಹತ್ತಿರ ಎಳೆದುಕೊಂಡು ಐದನೇ ಟೇಕಿಗೆ ಹೊರಟೆವು. ಅಲ್ಲಿ ಕಂಟಿನ್ಯೂಟಿ ಅನ್ನುವ ಇನ್ನೊಂದು ಗ್ರಹಚಾರ ಕಾದಿತ್ತು. ದೂರದ ಶಾಟಿನಲ್ಲಿ ಹೀರೋ ದೋಸೆಯ ಬಲತುದಿ ಮುರಿದಿದ್ದರೆ ಹತ್ತಿರದ ಶಾಟಿನಲ್ಲೂ ಅಲ್ಲೇ, ಅಷ್ಟೇ ಮುರಿದಿರಬೇಕು. ಹಾಗಾಗಿ ಹೊಸ ದೋಸೆ ಬಂದಾಗಲೆಲ್ಲ ಸೌಂಡ್ ಹುಡುಗಿ ಹಳೇ ಫೋಟೋ ನೋಡಿಕೊಂಡು ತುದಿ ಮುರಿದು ಕೊಡುತ್ತಿದ್ದಳು. ಅಜ್ಜಿಗೆ ಇದು ಅರ್ಥವಾಗಲಿಲ್ಲ. "ಅವಳು ಮುರಿದಿದ್ದನ್ನ ಅವನ್ಯಾಕೆ ತಿಂತಾನೆ? ಎಂಜಲಲ್ವಾ?" ಅಂದರು. ಅವಳು ಬಾಯಿಗೆ ಹಾಕಿಕೊಳ್ಳಲ್ಲ ಅಜ್ಜಿ, ಸುಮ್ನೆ ಮುರೀತಾಳೆ ಅಂದೆ. "ಹಾಗಾದರೆ ಮುರಿದ ತುಂಡು ಎಲ್ಲಿ?" ಅಂದರು. ಸೌಂಡ್ ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು.

ಹನ್ನೊಂದನೇ ದೋಸೆಗೆ ಟೇಕ್ ಓಕೆ ಆಯಿತು. ಒಂದು ತುತ್ತು ಮಾತ್ರ ತಿಂದ ಹತ್ತು ದೋಸೆಗಳು ದೊಡ್ಡ ತಟ್ಟೆಯಲ್ಲಿ ರಾಶಿ ಬಿದ್ದಿದ್ದವು. ಬೀದಿ ನಾಯಿಗೆ ಹಾಕಿ ಬರ್ತೀವಿ ಅಂತ ಟೆರೇಸಿಗೆ ತೆಗೆದುಕೊಂಡು ಹೋದೆವು. ನಾಯಿ ಟೆರೇಸಿನಲ್ಲಿ ಹೇಗಿರುತ್ತದೆ ಅಂತ ಅಜ್ಜಿ ಆಗ ಕೇಳಲಿಲ್ಲ.

ಎರಡನೇ ದಿನ ಹೀರೋ ಊರು. ಮುದ್ದೆ, ಬಸ್ಸಾರು. ಸೌಂಡ್ ಹುಡುಗಿ ವಾರದಿಂದ ಇದಕ್ಕೇ ಕಾದಿದ್ದಳು. ಕ್ಯಾಮೆರಾ ಮುಂದೆ ಕೂತು ತಿನ್ನುವುದನ್ನೇ ತೋರಿಸುವ ಕೊರಿಯಾದ ಮುಕ್‌ಬಾಂಗ್ ವಿಡಿಯೋಗಳನ್ನು ನೋಡಿ ನೋಡಿ ಅವಳ ತಲೆಯೊಳಗೆ ಬರೀ ಕಚಕಚ, ಕುರುಕುರು. ಕಾಲರ್ ಮೈಕನ್ನು ಹೀರೋ ಗಂಟಲ ಹತ್ತಿರವೇ ಸಿಕ್ಕಿಸಿದಳು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಳು. ಹೀರೋ ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ. ಇನ್ನೊಂದು ತುತ್ತು ಮುರಿದ, ಅದ್ದಿದ, ನುಂಗಿದ. ಅವಳು ಕಣ್ಣು ಬಿಟ್ಟು, "ತಿನ್ನೋದು ಯಾವಾಗ ಶುರು ಮಾಡ್ತೀಯ?" ಅಂದಳು. ಅರ್ಧ ಮುದ್ದೆ ಖಾಲಿಯಾಗಿತ್ತು.

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಸದ್ದಿಲ್ಲದೆ ಹೋಗುವುದೇ ಅದರ ಮರ್ಯಾದೆ. ಇಂಥ ಊಟಕ್ಕೆ ರೀಲ್ಸ್‌ನಲ್ಲಿ ಭವಿಷ್ಯ ಇಲ್ಲ. ಆಮೇಲೆ ಅವಳು ಹಾಸ್ಟೆಲ್ ಬಚ್ಚಲಿನಲ್ಲಿ ಒದ್ದೆ ಬಟ್ಟೆ ಹಿಂಡಿ ಒಂದು ಸದ್ದು ರೆಕಾರ್ಡ್ ಮಾಡಿ ತಂದು ಅಲ್ಲಿ ಕೂರಿಸಿದಳು. ಮುದ್ದೆಗೆ ಅದು ಸ್ವಲ್ಪವೂ ಹೊಂದಲಿಲ್ಲ. ಬೇಡ ಅನ್ನುವ ಧೈರ್ಯ ನನಗೆ ಬರಲಿಲ್ಲ.

ಹೀರೋ ಅಮ್ಮನ ಚಿಂತೆಯೇ ಬೇರೆ. ಮಗ ತಿನ್ನುವುದನ್ನು ಮೂರು ಜನ ಬಾಯಿ ಬಿಟ್ಟು ನೋಡುತ್ತಾ ಕೂತಿದ್ದಾರೆ, ಜೊತೆಗೊಂದು ಫೋನು ಬೇರೆ. "ಉಣ್ಣೋರ ತಟ್ಟೆ ನೋಡಬಾರದು ಕಣಪ್ಪ, ದೃಷ್ಟಿ ಆಗ್ತದೆ" ಅಂದರು. ಇನ್ನೊಬ್ಬರು ತಿನ್ನುವುದನ್ನು ಲಕ್ಷಾಂತರ ಜನ ಕೂತು ನೋಡುವುದೇ ಈಗ ಒಂದು ಉದ್ಯೋಗ ಅಂತ ನಾನು ವಿವರಿಸಿದೆ. 'ಮುಕ್‌ಬಾಂಗ್' ಅನ್ನುವುದು ಕೊರಿಯನ್ ಭಾಷೆಯ 'ತಿನ್ನುವುದು' ಮತ್ತು 'ಪ್ರಸಾರ' ಅನ್ನುವ ಎರಡು ಮಾತು ಸೇರಿ ಆದದ್ದು ಅಂತಲೂ ಹೇಳಿದೆ. ಅವರು ಅಷ್ಟೂ ಕೇಳಿ, "ಲಕ್ಷ ಜನರ ಕಣ್ಣು ಬಿದ್ದರೆ ಆ ಮಕ್ಕಳ ಹೊಟ್ಟೆ ಗತಿ ಏನಪ್ಪ?" ಅಂದರು. ಉತ್ತರ ಗೊತ್ತಿರಲಿಲ್ಲ. ಹೊರಡುವಾಗ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಗನಿಗೆ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ನಾವು ಮೂವರೇ ಕೆಮ್ಮಿದೆವು. ದೃಷ್ಟಿ ಯಾರದು ಅಂತ ಅವರಿಗೆ ಖಾತ್ರಿಯಾಯಿತು.

ಐಸ್‌ಕ್ರೀಮ್ ಸೀನು ಬೇಗ ಹೇಳಿ ಮುಗಿಸುತ್ತೇನೆ. ಏಪ್ರಿಲ್ ಬಿಸಿಲಲ್ಲಿ ಐಸ್‌ಕ್ರೀಮ್ ನಿಲ್ಲುವುದಿಲ್ಲ. ಜಾಹೀರಾತಿನವರು ಬೇಯಿಸಿದ ಆಲೂಗಡ್ಡೆ ನುಣ್ಣಗೆ ಮಸೆದು ಐಸ್‌ಕ್ರೀಮ್ ಅಂತ ತೋರಿಸುವುದು ಹಳೇ ವಿದ್ಯೆ. ನಾವೂ ಮಸೆದೆವು, ಗುಲಾಬಿ ಬಣ್ಣ ಹಾಕಿದೆವು, ಉಂಡೆ ಮಾಡಿ ಗಾಜಿನ ಬಟ್ಟಲಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿದೆವು. ಮಧ್ಯಾಹ್ನ ಸಕ್ಕರೆ ಕಾಯಿಲೆ ಇರುವ ನಮ್ಮ ಸೋದರಮಾವ ಬಂದರು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕದ್ದು ಎರಡು ಉಂಡೆ ತಿಂದರು. ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, "ಶುಗರ್‌ಲೆಸ್ ಇದು ಎಲ್ಲಿ ಸಿಗುತ್ತೆ?" ಅಂತ ಪಿಸುಗುಟ್ಟಿದರು. ಇವತ್ತಿಗೂ ನಿಜ ಹೇಳಿಲ್ಲ.

ಗೋಬಿಯದು ಕಾನೂನಿನ ತೊಡಕು. ರೀಲ್ಸ್‌ನಲ್ಲಿ ಗೋಬಿ ಮಂಚೂರಿ ಅಂದರೆ ಕೆಂಡದ ಹಾಗೆ ಕೆಂಪಗೆ ಹೊಳೆಯಬೇಕು. ಆದರೆ ಆ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವ ಹಾಗಿಲ್ಲ ಅಂತ ನಿಷೇಧ ಹಾಕಿತ್ತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಜನರ ಹೊಟ್ಟೆಗೆ ಹೋಗುತ್ತಿತ್ತಲ್ಲ, ಅದಕ್ಕೆ. ನಾವು ಹೋದ ಗಾಡಿಯವನು ಪ್ರಾಮಾಣಿಕ. ಅವನ ಗೋಬಿ ಮಣ್ಣಿನ ಬಣ್ಣಕ್ಕಿತ್ತು. ರುಚಿ ಚೆನ್ನಾಗಿತ್ತು, ರೂಪ ಇರಲಿಲ್ಲ. "ಎಡಿಟಿಂಗಲ್ಲಿ ಕೆಂಪು ಮಾಡೋಣ ಬಿಡು" ಅಂದ ಕ್ಯಾಮೆರಾದವನು. ಸರ್ಕಾರ ನಿಷೇಧಿಸಿದ ಬಣ್ಣವನ್ನು ರಾತ್ರಿ ಒಂದು ಗಂಟೆಗೆ ಲ್ಯಾಪ್‌ಟಾಪಿನಲ್ಲಿ ನಾನೇ ಹಾಕಿದೆ. ಗೋಬಿ ಕೆಂಪಾಯಿತು. ಹೀರೋ ಮುಖ, ಗಾಡಿಯವನ ಬನಿಯನ್ನು, ಹಿಂದೆ ಮಲಗಿದ್ದ ಹಸು ಕೂಡ ಕೆಂಪಾದವು.

ಅದೇ ರಾತ್ರಿ ದೊಡ್ಡ ಅನಾಹುತ ಕಣ್ಣಿಗೆ ಬಿತ್ತು. ಹೀರೋ ತಾನೇ ರೀಲ್ ಮಾಡಿಕೊಳ್ಳುವ ಶಾಟುಗಳನ್ನು ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದೆವು. ಆ ಫೋನು ಕನ್ನಡಿಯ ಹಾಗೆ ಎಡಬಲ ತಿರುಗಿಸಿಯೇ ಸೇವ್ ಮಾಡಿತ್ತು. ಅಲ್ಲೆಲ್ಲ ಹೀರೋ ಎಡಗೈಯಲ್ಲಿ ಉಣ್ಣುತ್ತಿದ್ದ. ಫ್ಲಿಪ್ ಬಟನ್ ಒತ್ತಿದರೆ ಸರಿಹೋಗುತ್ತದೆ. ಒತ್ತಿದೆ, ಸರಿಹೋಯಿತು. ಮಲಗಿದೆ. ಆದರೆ ನಿದ್ದೆಗಣ್ಣಿನಲ್ಲಿ ನಾನು ಸೆಲೆಕ್ಟ್ ಮಾಡಿದ್ದು ಆ ಶಾಟುಗಳನ್ನಲ್ಲ, ಇಡೀ ಸಿನಿಮಾವನ್ನು.

ಅದು ಗೊತ್ತಾಗಿದ್ದು ಕಾಲೇಜಿನ ಪರದೆ ಮೇಲೆ. ಗೋಬಿ ಗಾಡಿಯ ಬೋರ್ಡು ತಿರುಗಾಮುರುಗಾ. ಹೀರೋ ಮುದ್ದೆಯನ್ನು ಎಡಗೈಯಲ್ಲಿ ಮುರಿದ. ಅವನ ಅಮ್ಮ ಎಡಗೈಯಲ್ಲಿ ಸಾರು ಬಿಟ್ಟರು. ಹಿನ್ನೆಲೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಗಿದ ಮೇಲೆ ಕೇಳಿದರು: "ಫೋನ್ ನೋಡುವಾಗ ಮಾತ್ರ ಬಲಗೈ, ನಿಜವಾದ ಬದುಕಿನಲ್ಲಿ ಎಲ್ಲರೂ ಎಡಗೈ. ಇದು ಬೇಕಂತಲೇ ಮಾಡಿದ ರೂಪಕವಾ?"

ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಹೌದು ಸರ್" ಅಂದೆ.

17 ಅಂಕ ಬಂತು. ಕೆರೆಯವರಿಗೆ 21. ಅವರ ಕೆರೆಯಲ್ಲಿ ರೂಪಕ ಇರಲಿಲ್ಲ, ಬರೀ ನೀರಿತ್ತು.

ಆ ಭಾನುವಾರ ಮನೆಯ ಟಿವಿಗೆ ಹಾಕಿ ಅಜ್ಜಿಗೆ ತೋರಿಸಿದೆ. ಮೂವರೂ ಬಂದಿದ್ದರು. ಅಜ್ಜಿ ಸೀರೆ ಸೆರಗು ಸರಿಮಾಡಿಕೊಂಡು ಮುಂದೆ ಕೂತರು. ಪರದೆ ಮೇಲೆ ತಾವು ಬಂದ ಕೂಡಲೇ ಮುಖ ಗಂಟಾಯಿತು.

"ನಾನು ಯಾವತ್ತೋ ಎಡಗೈಲಿ ಬಡಿಸಿದ್ದು?"

ಫ್ಲಿಪ್ ಅಂದರೇನು ಅಂತ ಹೇಳಿದೆ. ಕನ್ನಡಿ ಅಂದೆ. ಕೊನೆಗೆ ತಪ್ಪಾಯ್ತು ಅಜ್ಜಿ ಅಂದೆ. ನೆಂಟರಿಗೆ ಯಾರಿಗೂ ಇದನ್ನು ತೋರಿಸಕೂಡದು ಅಂತ ಮಾತು ತೆಗೆದುಕೊಂಡರು. ಸಿನಿಮಾ ಮುಂದುವರಿಯಿತು. ಬೆಣ್ಣೆ ಕರಗಿತು, ಬ್ಯಾಟರಿ ಸತ್ತಿತು, ಹೆಸರುಗಳು ಬಂದವು. ಅಜ್ಜಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಆವತ್ತು ಹನ್ನೊಂದು ದೋಸೆ ಹುಯ್ದಿದ್ದೆ. ಇದರಲ್ಲಿ ಒಂದೇ ಇದೆಯಲ್ಲೋ. ಮಿಕ್ಕ ಹತ್ತು?"

ಸೌಂಡ್ ಹುಡುಗಿ ನೆಲ ನೋಡಿದಳು. ಕ್ಯಾಮೆರಾದವನು ಚಾವಣಿ ನೋಡಿದ. ಹೀರೋ ನನ್ನನ್ನು ನೋಡಿದ.

"ಎಡಿಟಿಂಗಲ್ಲಿ ಹೋಯ್ತು ಅಜ್ಜಿ" ಅಂದೆ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು.

"ಅರ್ಧ ಕೆಜಿ ಬೆಣ್ಣೆನೂನಾ?"