ಒತ್ತಿದರೆ ಒಂದು, ಮತ್ತೆ ಒತ್ತಿದರೆ ಎರಡು

ಹೊಸ ವೆಬ್ ಫ್ರೇಮ್‌ವರ್ಕ್ (ವೆಬ್‌ಸೈಟ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು) ಕಲಿಯಲು ಕೂತವರು ಯಾರೇ ಆಗಲಿ, ಮೊದಲು ಮಾಡುವುದು ಒಂದು ಬಟನ್. ಒತ್ತಿದರೆ ಸೊನ್ನೆ ಹೋಗಿ ಒಂದು ಬರುತ್ತದೆ. ಮತ್ತೆ ಒತ್ತಿದರೆ ಎರಡು. ಇದಕ್ಕೆ ಕೌಂಟರ್ ಅಂತ ಹೆಸರು. ರಿಯಾಕ್ಟ್ ಇರಲಿ, ವ್ಯೂ ಇರಲಿ, ಸ್ವೆಲ್ಟ್ ಇರಲಿ, ಬಾಗಿಲಲ್ಲೇ ಈ ಬಟನ್ ಕಾದಿರುತ್ತದೆ. ನಾನೂ ಒತ್ತಿದೆ. ಹದಿನೇಳರವರೆಗೆ ಏರಿಸಿದೆ. ಇಷ್ಟೇನಾ ಅನ್ನಿಸಿತು.

ಡಾಕ್ಯುಮೆಂಟೇಶನ್ ಓದಿದರೂ ಹಾಗೇ ಅನ್ನಿಸುತ್ತದೆ. 'ಸುಮ್ನೆ ಈ ಕಮಾಂಡ್ ಕೊಡಿ' ಎನ್ನುವ ಧಾಟಿ ಅದರದು. ಕೊಟ್ಟೆ. ನೋಡ್ ಮಾಡ್ಯೂಲ್ಸ್ ಎಂಬ ಫೋಲ್ಡರ್ ಹುಟ್ಟಿತು. ನಾನು ಕರೆಯದ ಪ್ಯಾಕೇಜ್‌ಗಳೆಲ್ಲ, ಅಂದರೆ ಬೇರೆಯವರು ಬರೆದಿಟ್ಟ ಕೋಡ್‌ನ ಗಂಟುಗಳೆಲ್ಲ, ಪರಿವಾರ ಸಮೇತ ಬಂದು ಅದರೊಳಗೆ ಕೂತವು. ಒಂದು ಬಟನ್‌ಗೆ ಇಷ್ಟು ಜನ ಯಾಕೆ ಅಂತ ಕೇಳಬಾರದು. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರೇ ಎನ್‌ಪಿಎಂ ಎಂಬ ಪ್ಯಾಕೇಜ್ ಉಗ್ರಾಣದಿಂದ ತೆಗೆದುಬಿಟ್ಟರು. ಅದನ್ನೇ ನೆಚ್ಚಿದ್ದ ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳನ್ನು ಕಟ್ಟುವ ಕೆಲಸ, ಅಂದರೆ ಬಿಲ್ಡ್, ನಿಂತುಹೋಯಿತು. ಅದು ಮಾಡುತ್ತಿದ್ದ ಘನ ಕಾರ್ಯ, ಅಕ್ಷರಗಳ ಎಡಕ್ಕೆ ಜಾಗ ತುಂಬುವುದು!

ಕೌಂಟರ್ ಆದ ಮರುದಿನವೇ ಆಫೀಸಿನಲ್ಲಿ ಲಾಗಿನ್ ಪೇಜ್ ಮಾಡಲು ಹೇಳಿದರು. ನಾನು ಓದುತ್ತಿದ್ದ ಪಾಠದಲ್ಲಿ ಕೌಂಟರ್ ಆದ ಮೇಲೆ ಟು-ಡೂ ಲಿಸ್ಟ್, ಅದರ ಮೇಲೆ 'ಮುಂದುವರಿದ ವಿಷಯಗಳು'. ಲಾಗಿನ್ ಎಲ್ಲೂ ಇಲ್ಲ. ಅದು ನಡುವಿನ ಹಳ್ಳ, ನಾವೇ ಬಿದ್ದು ಎದ್ದು ಕಲಿಯಬೇಕು. ಸ್ಟೇಟ್, ಅಂದರೆ ಪೇಜ್ ನೆನಪಿಟ್ಟುಕೊಳ್ಳಬೇಕಾದ ಮಾಹಿತಿ, ಎಲ್ಲಿಡಲಿ ಅಂತ ಆಫೀಸಿನವರನ್ನು ಕೇಳಿದೆ. ಒಬ್ಬರು, ಅದನ್ನಿಡಲೆಂದೇ ಇರುವ ರಿಡಕ್ಸ್ ಅಂದರು. ಪಕ್ಕದವರು 'ಅಯ್ಯೋ, ಇನ್ನೂ ರಿಡಕ್ಸಾ?' ಅಂದರು. ಆಮೇಲೆ ಅವರಿಬ್ಬರೇ ಮಾತಾಡಿಕೊಂಡರು.

ಪೇಜ್ ಪರದೆಗೆ ಬಂದ ಮೇಲೆ ಕೋಡ್ ಓಡಿಸುವ ರಿಯಾಕ್ಟ್‌ನ ಯೂಸ್‌ಎಫೆಕ್ಟ್ ಒಳಗೆ, ಓಡಿತೋ ಇಲ್ಲವೋ ತಿಳಿಯಲು, 'ಬಂದೆ' ಅಂತ ತೋರಿಸುವ ಒಂದು ಕನ್ಸೋಲ್ ಲಾಗ್ ಹಾಕಿದೆ. 'ಬಂದೆ, ಬಂದೆ' ಅಂತ ಎರಡು ಸಲ ಬಂತು. ಒಂದು ಗಂಟೆ ಕೋಡ್ ತಡಕಿದೆ. ಕೊನೆಗೆ ಸೀನಿಯರ್ ಹತ್ತಿರ ಹೋದೆ.

'ಸರ್, ಎರಡೆರಡು ಸಲ ಓಡ್ತಿದೆ.'

'ಅದು ಹಾಗೇನೇ. ಸ್ಟ್ರಿಕ್ಟ್ ಮೋಡ್. ನಿಮ್ಮ ತಪ್ಪು ಕಂಡುಹಿಡಿಯೋಕೆ ಬೇಕಂತಲೇ ಎರಡು ಸಲ ಓಡಿಸುತ್ತೆ.'

'ನನ್ನ ತಪ್ಪು ಏನು ಸರ್?'

'ಏನೂ ಇಲ್ಲ.'

2022ರಲ್ಲಿ ರಿಯಾಕ್ಟ್ 18 ಬಂದಾಗಿನಿಂದ ಹೀಗೆ. ಡೆವಲಪ್‌ಮೆಂಟ್‌ನಲ್ಲಿ ಮಾತ್ರ, ಬಳಸುವವರ ಮುಂದೆ ಒಂದೇ ಸಲ. ಕಾಟವೆಲ್ಲ ಕಟ್ಟುವವನಿಗೇ ಮೀಸಲು.

ಎಣಿಸಲು ಕಲಿಸುವವರ ಲೆಕ್ಕವನ್ನೂ ಸ್ವಲ್ಪ ನೋಡಿ. 2010ರ ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕನ್ನು ಕಷ್ಟಪಟ್ಟು ಕಲಿತವರ ಮುಂದೆ 2016ರಲ್ಲಿ ಆಂಗ್ಯುಲರ್ 2 ಬಂದು ನಿಂತಿತು. ಹೆಸರು ಹಳೆಯದು, ಒಳಗೆಲ್ಲ ಹೊಸದು. ಮತ್ತೆ ಅ ಆ ಇ ಈ. ಸರಿ, 3 ಬರುವಷ್ಟರಲ್ಲಿ ಕಲಿತರಾಯಿತು ಅಂದುಕೊಂಡವರಿಗೆ 2017ರಲ್ಲಿ ಸಿಕ್ಕಿದ್ದು 4. ಅದರ ರೌಟರ್, ಅಂದರೆ ಪುಟದಿಂದ ಪುಟಕ್ಕೆ ಒಯ್ಯುವ ಭಾಗ, ಆಗಲೇ 3ಕ್ಕೆ ಹೋಗಿಬಿಟ್ಟಿತ್ತು. ಎಲ್ಲ ಒಂದೇ ಸಂಖ್ಯೆಗೆ ಬರಲಿ ಅಂತ ಮೂರನ್ನೇ ಹಾರಿಬಿಟ್ಟರು. ನನ್ನ ಕೌಂಟರ್ ಹಾಗೆ ಹಾರಿದ್ದರೆ ಬಗ್ ಅನ್ನುತ್ತಿದ್ದರು.

ಮೂರು ವಾರಕ್ಕೆ ಲಾಗಿನ್ ಪೇಜ್ ಮುಗಿಯಿತು. ಮ್ಯಾನೇಜರ್ ನೋಡಿ ತಲೆಯಾಡಿಸಿದರು.

'ಚೆನ್ನಾಗಿದೆ. ಈಗ ಎಷ್ಟು ಜನ ಲಾಗಿನ್ ಆಗಿದ್ದಾರೆ ಅಂತ ಈ ಮೂಲೆಯಲ್ಲಿ ಒಂದು ಕೌಂಟರ್ ಹಾಕಿಬಿಡಿ. ಅದು ಸುಲಭ ಅಲ್ವಾ?'

'ಸುಲಭವೇ ಸರ್' ಅಂದೆ. 'ಆದರೆ ಒಬ್ಬೊಬ್ಬರು ಬಂದಾಗಲೂ ಯಾರಾದರೂ ಬಟನ್ ಒತ್ತಬೇಕಾಗುತ್ತೆ.'