ಮೈಮೇಲಿನ ಗೇರ್

ನಮ್ಮ ಮನೆಯಲ್ಲಿ ‘ಗೇರ್’ ಎಂದರೆ ತಲೆಗೊಂದು ಅರ್ಥ. ಪುತ್ತೂರಿನ ಹತ್ತಿರ ತೋಟದ ಮನೆಯಲ್ಲಿರುವ ನನ್ನ ಅಮ್ಮನಿಗೆ ಅದು ಗೇರುಬೀಜ. ಮೈಸೂರಿನ ನಮ್ಮ ಯಜಮಾನರಿಗೆ ಯೆಜ್ಡಿ ಗಾಡಿಯ ಹೊಟ್ಟೆಯೊಳಗಿನ ಹಲ್ಲುಚಕ್ರ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ ಅಂಗಿ, ಚಡ್ಡಿ, ಸಾಕ್ಸು, ಟೊಪ್ಪಿ. ಟ್ರೆಕ್ಕಿಂಗ್ ಹುಚ್ಚು ಹಿಡಿದ ಮೇಲೆ ಅವನು ಬಟ್ಟೆಯನ್ನು ಬಟ್ಟೆ ಎನ್ನುವುದನ್ನೇ ಬಿಟ್ಟಿದ್ದಾನೆ. ಸಾವಿರದ ಚಿಲ್ಲರೆ ಕೊಟ್ಟು ತಂದ ಸಾಕ್ಸನ್ನು ಸಾಕ್ಸು ಎಂದರೆ ಕೊಟ್ಟ ದುಡ್ಡಿಗೆ ಮರ್ಯಾದೆ ಇರುವುದಿಲ್ಲ, ಗೇರ್ ಎಂದರೆ ಇರುತ್ತದೆ.

ಹೋದ ವರ್ಷ ಕುಮಾರಪರ್ವತ ಹತ್ತಿ ಇಳಿದವನು ಅಜ್ಜಿಮನೆಗೆ ಹೋಗಿ, ಉಂಡು, ಮಲಗಿ, ಸಾಮಾನೆಲ್ಲ ಅಲ್ಲೇ ಬಿಟ್ಟು ಬೆಂಗಳೂರು ಬಸ್ಸು ಹತ್ತಿದ್ದ. ಮುಂದಿನ ಚಾರಣದ ಹೊತ್ತಿಗೆ ಅದರ ನೆನಪಾಯಿತು. “ಅಜ್ಜೀ, ನನ್ನ ಗೇರ್ ಎಲ್ಲ ಬಸ್ಸಿಗೆ ಹಾಕಿಬಿಡಿ, ಶುಕ್ರವಾರ ಬೆಳಿಗ್ಗೆ ಸಿಗೋ ಹಾಗೆ” ಎಂದು ಫೋನ್ ಮಾಡಿದ.

ಅಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. “ಅವ ಬಾಯಿ ಬಿಟ್ಟು ಗೇರು ಕೇಳಿದ್ದು ಇದೇ ಮೊದಲು ಮಾರಾಯ್ತಿ! ಯಾವಾಗ ನೋಡಿದರೂ ಆ ಪ್ಯಾಕೆಟಿನ ಚಿಪ್ಸ್ ತಿನ್ನುವ ಜನ” ಎಂದು ನನಗೂ ಫೋನ್ ಬಂತು. ಅಟ್ಟದಿಂದ ಗೋಣಿ ಇಳಿಯಿತು. ಅಂಗಳದಲ್ಲಿ ಒಲೆ ಹೂಡಿ, ಬಾಣಲೆಯಲ್ಲಿ ಬೀಜ ಸುರಿದು, ಸಿಪ್ಪೆಯ ಎಣ್ಣೆ ಚಟಪಟ ಸಿಡಿದು ಬೆಂಕಿ ಹತ್ತುವವರೆಗೆ ಹುರಿದು, ಕೈಗೆ ಬೂದಿ ಸವರಿಕೊಂಡು ಒಂದೊಂದನ್ನೇ ಕಲ್ಲಿನ ಮೇಲಿಟ್ಟು ಜಜ್ಜಿ, ಇಡೀ ಬೀಜವನ್ನು ಬೇರೆ, ಹೋಳನ್ನು ಬೇರೆ ಮಾಡಿ, ಹಳೇ ಬಿಸ್ಕತ್ ಡಬ್ಬಕ್ಕೆ ತುಂಬಿ, ಮುಚ್ಚಳದ ಸುತ್ತ ಬಟ್ಟೆ ಕಟ್ಟಿ ಹೊಲಿದು, ಬಸ್ಸಿನವರಿಗೆ “ಜಾಗ್ರತೆ ಹಾಂ” ಎಂದು ಹೇಳಿ ಕಳಿಸಿದರು. ಮಗ ಆಫೀಸಿನ ಬೂಟಿನಲ್ಲೇ ಬೆಟ್ಟ ಹತ್ತಿದ. ಜೊತೆಗಿದ್ದ ಹುಡುಗರು ಅರ್ಧ ದಾರಿಗೇ ಅವನ ಗೇರ್ ಪೂರ್ತಿ ತಿಂದು ಮುಗಿಸಿದರಂತೆ.

ಅಸಲು ಗೇರಿನ ಬಗ್ಗೆ ಆಮೇಲೆ ವಿಚಾರಿಸಿದರೆ ಅಮ್ಮ, “ಆ ಹರಿದ ಪ್ಯಾಂಟಾ? ಮೊಣಗಂಟಿನ ಹತ್ತಿರ ಕಾಲೇ ಬೇರೆ ಬಂದಿತ್ತು. ನಾನು ಗಟ್ಟಿಯಾಗಿ ಹೊಲಿದು ಇಟ್ಟಿದ್ದೇನೆ” ಎಂದರು. ಜಿಪ್ಪು ಎಳೆದರೆ ಚಡ್ಡಿಯಾಗುವ ಪ್ಯಾಂಟು ಅದು. ಇನ್ನು ಈ ಜನ್ಮಕ್ಕೆ ಆಗುವುದಿಲ್ಲ. ಅಮ್ಮನ ಹೊಲಿಗೆ ಬಿಡುವುದಲ್ಲ.

ಯಜಮಾನರು ಪೇಪರಿನಿಂದ ತಲೆಯೆತ್ತದೆ ತೀರ್ಪು ಕೊಟ್ಟರು. “ತಪ್ಪು ಇವನದ್ದೇ. ಗೇರ್ ಅಂದ್ರೆ ಗಾಡೀದು. ಬಟ್ಟೆಗೆ ಯಾರಾದ್ರೂ ಗೇರ್ ಅಂತಾರೇನೇ?”

ಅಂತಾರೆ. ಎಂಟುನೂರು ವರ್ಷದಿಂದ ಅಂತಿದ್ದಾರೆ. ಗಾಡಿಯದ್ದನ್ನೇ ಆಮೇಲೆ ಗೇರ್ ಅಂದದ್ದು.

ಈ ಪದವನ್ನು ಇಂಗ್ಲೆಂಡಿಗೆ ತಂದವರು ವೈಕಿಂಗರು. ಸ್ಕ್ಯಾಂಡಿನೇವಿಯಾದಿಂದ ದೋಣಿಯೇರಿ ಲೂಟಿಗೆ ಬಂದವರು 9ನೇ ಶತಮಾನದ ಹೊತ್ತಿಗೆ ಆ ನಾಡಿನ ಉತ್ತರಕ್ಕೂ ಪೂರ್ವಕ್ಕೂ ಮನೆ ಮಾಡಿಕೊಂಡು ಕೂತೇಬಿಟ್ಟರು. ಅವರಿಂದ ಇಂಗ್ಲಿಷಿಗೆ ಬಂದ ಪದಗಳನ್ನು ನೋಡಿದರೆ ಲೂಟಿಗಿಂತ ಸಂಸಾರವೇ ಹೆಚ್ಚು ಕಾಣುತ್ತದೆ: ಎಗ್, ನೈಫ್, ವಿಂಡೋ, ಸ್ಕರ್ಟ್, ಕೊನೆಗೆ ಹಸ್ಬೆಂಡ್ ಕೂಡ. ಅದೇ ಗಂಟಿನಲ್ಲಿ ಉಡುಪು ಎಂಬ ಅರ್ಥದ ‘ಗೆರ್ವಿ’ಯೂ ಇತ್ತು. 1200ರ ಸುಮಾರಿಗೆ ಇಂಗ್ಲಿಷ್ ಬರಹದಲ್ಲಿ ‘ಗೇರೆ’ ಎಂದು ಕಾಣಿಸಿಕೊಂಡಾಗ ಅದಕ್ಕೆ ಕಾದಾಟಕ್ಕೆ ಹೊರಟವನ ಬಟ್ಟೆ, ಕವಚ, ಕತ್ತಿ ಎಲ್ಲವೂ ಸೇರಿತ್ತು. ಬೇರಿಗೆ ಹೋದರೆ ಸಿಗುವ ಅರ್ಥ ‘ಅಣಿಯಾಗುವುದು’. ಇದರಲ್ಲಿ ನಮಗೆ ಆಶ್ಚರ್ಯವೇನಿಲ್ಲ. ಮದುವೆಮನೆಗೆ ಹೊರಟಾಗ ಯಜಮಾನರು ಬಾಗಿಲಲ್ಲಿ ನಿಂತು “ರೆಡಿ ಆದ್ಯಾ?” ಎಂದು ಕೂಗಿದರೆ ಅವರು ಕೇಳುತ್ತಿರುವುದು ಸೀರೆಯ ನೆರಿಗೆಯ ವಿಚಾರವನ್ನೇ ಹೊರತು ಮನಸ್ಸಿನ ಸಿದ್ಧತೆಯನ್ನಲ್ಲ.

14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ತನ್ನ ‘ಕ್ಯಾಂಟರ್ಬರಿ ಟೇಲ್ಸ್’ ಕಾವ್ಯದ ಯಾತ್ರಿಕರ ಗುಂಪಿನಲ್ಲಿ ಐವರು ಕಸುಬುದಾರರನ್ನು ಸೇರಿಸಿದ್ದಾನೆ. ಬಟ್ಟೆಬರೆ ಮಾರುವವನು, ಬಡಗಿ, ನೇಕಾರ, ಬಣ್ಣಗಾರ, ಜಮಖಾನದವನು. ಇವರ ‘ಗೇರ್’ ಹೊಸದಾಗಿ ಸಿಂಗರಿಸಿಕೊಂಡು ಫಳಫಳ ಎನ್ನುತ್ತಿತ್ತು, ಚಾಕುವಿಗೆ ಹಿತ್ತಾಳೆಯಲ್ಲ, ಬೆಳ್ಳಿ ಕಟ್ಟಿಸಿದ್ದರು ಎನ್ನುತ್ತಾನೆ. ಅವರ ಹೆಂಡಿರಿಗೆ ‘ಮೇಡಂ’ ಎನಿಸಿಕೊಳ್ಳುವ ಆಸೆ ಎಂದು ಚುಚ್ಚುವುದನ್ನೂ ಬಿಟ್ಟಿಲ್ಲ. ಅದಕ್ಕೂ ಕೆಲವು ವರ್ಷ ಮೊದಲು, 1363ರಲ್ಲಿ, ಕುಶಲಕರ್ಮಿಗಳು ಬೆಳ್ಳಿ ಬಂಗಾರದ ಡಾಬು, ಚಾಕು, ಗುಂಡಿ ಧರಿಸಬಾರದೆಂದು ಕಾನೂನೇ ಬಂದಿತ್ತು. ಯಾರು ಏನು ಉಡಬೇಕು ಎಂದು ಸರ್ಕಾರ ಹೇಳಿದರೆ ಯಾರು ಕೇಳುತ್ತಾರೆ? ಅದು ಹೆಚ್ಚು ದಿನ ಬಾಳಲಿಲ್ಲ. ನನ್ನ ಮಗ ಆ ಕಾಲದಲ್ಲಿ ಹುಟ್ಟಿದ್ದರೆ ಆರನೆಯವನಾಗಿ ಅದೇ ಗುಂಪಿನಲ್ಲಿ ಇರುತ್ತಿದ್ದ, ಜಿಪ್ಪಿನ ಪ್ಯಾಂಟು ಹಾಕಿಕೊಂಡು.

ಆಮೇಲೆ ಪದ ಮೈಯಿಂದ ಇಳಿಯಿತು. ಕುದುರೆಯ ಜೀನು, ಎತ್ತಿನ ಹಗ್ಗ, ಮನೆಯ ಪಾತ್ರೆಪಗಡ, ಹಡಗಿನ ಹಾಯಿ ಎಲ್ಲವೂ ಗೇರ್ ಆದವು. ಸ್ಕಾಟ್‌ಲೆಂಡಿನಲ್ಲಂತೂ ಆಸ್ತಿಪಾಸ್ತಿಗೇ ಆ ಹೆಸರು ನಿಂತಿತು. ನಮ್ಮ ‘ಸರಂಜಾಮು’ ನಡೆದದ್ದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಪಾರ್ಸಿಯಿಂದ ಬಂದ ಪದ, ಮರಾಠರ ಆಡಳಿತದಲ್ಲಿ ದಂಡು ಸಾಕಲು ಸರದಾರರಿಗೆ ಬಿಟ್ಟುಕೊಟ್ಟ ಭೂಮಿಯ ಹುಟ್ಟುವಳಿಗೆ ಸರಂಜಾಮು ಎನ್ನುತ್ತಿದ್ದರು. ಈಗ ನಾವು ಬಾಡಿಗೆ ಮನೆ ಬದಲಿಸುವಾಗ ಟೆಂಪೋಗೆ ಹೇರುವ ಕುಕ್ಕರು, ಚಾಪೆ, ಪೊರಕೆ ಸೇರಿ ಸಾಮಾನು ಸರಂಜಾಮು. ‘ಸಾಮಾನು’ ಎಂಬ ಪದಕ್ಕೆ ನಮ್ಮ ಹುಡುಗರ ಬಾಯಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ, ಇಂಗ್ಲಿಷಿನ ಗೇರಿಗೆ ಅದೂ ಇತ್ತು. ಅಮ್ಮ ಇದನ್ನು ಓದುವ ಸಂಭವ ಇರುವುದರಿಂದ ಮುಂದಕ್ಕೆ ಹೋಗೋಣ.

ಷೇಕ್ಸ್‌ಪಿಯರನ ರೋಮಿಯೋ ಕೊನೆಗೆ ಔಷಧಿ ಅಂಗಡಿಯವನ ಹತ್ತಿರ ವಿಷ ಕೇಳುವಾಗಲೂ ಅದನ್ನು ಗೇರ್ ಎಂದೇ ಕರೆಯುತ್ತಾನೆ, ರಕ್ತನಾಳದಲ್ಲಿ ಬೇಗ ಹರಡುವಂಥ ಗೇರ್ ಕೊಡು ಎಂದು. ಇವತ್ತಿಗೂ ಬ್ರಿಟನ್ನಿನ ಗಲ್ಲಿಗಳಲ್ಲಿ ಹೆರಾಯಿನ್ನಿಗೆ ಅದೇ ಹೆಸರು. 1960ರ ದಶಕದ ಲಿವರ್‌ಪೂಲಿನಲ್ಲಾದರೋ ಬೀಟಲ್ಸ್ ಹುಡುಗರ ಬಾಯಲ್ಲಿ ‘ಗೇರ್’ ಎಂದರೆ ನಮ್ಮ ‘ಸಖತ್’. ವಿಷವೂ ಅದೇ, ಸಖತ್ತೂ ಅದೇ. ಅಂಥಾ ಪದವನ್ನು ನಂಬಿಕೊಂಡು ಪುತ್ತೂರಿಗೆ ಫೋನ್ ಮಾಡಿದರೆ ಇನ್ನೇನಾದೀತು?

ಹಲ್ಲುಚಕ್ರದ ಅರ್ಥ ಬಂದದ್ದು 16ನೇ ಶತಮಾನದ ಹೊತ್ತಿಗೆ. ಗಿರಣಿಯ ಒಳಗಿನ ಸರಂಜಾಮು ಎಂಬ ಅರ್ಥ ಬರಬರುತ್ತಾ ಆ ಚಕ್ರಕ್ಕೇ ಅಂಟಿಕೊಂಡಿತು. ಗಿರಣಿ ಕಟ್ಟುವವರದ್ದು ಒಂದು ಉಪಾಯ ನನಗೆ ಬಹಳ ಹಿಡಿಸಿತು. ದೊಡ್ಡ ಚಕ್ರಕ್ಕೆ ಲೆಕ್ಕಕ್ಕಿಂತ ಒಂದು ಹಲ್ಲು ಹೆಚ್ಚು ಇಡುತ್ತಿದ್ದರು. 60ರ ಬದಲು 61 ಎಂದಿಟ್ಟುಕೊಳ್ಳಿ. ಹಾಗೆ ಮಾಡಿದರೆ ಸಣ್ಣ ಚಕ್ರದ ಅದೇ ಹಲ್ಲು ಸುತ್ತುಸುತ್ತಿಗೂ ದೊಡ್ಡದರ ಅದೇ ಹಲ್ಲಿಗೆ ತಿಕ್ಕುವುದಿಲ್ಲ. ಸರದಿ ಬದಲಾಗುತ್ತಾ ಹೋಗಿ ಎಲ್ಲ ಹಲ್ಲೂ ಸಮನಾಗಿ ಸವೆಯುತ್ತವೆ. ಕೂಡುಕುಟುಂಬದಲ್ಲಿ ಯಾವಾಗಲೂ ಒಬ್ಬಳು ಸೋದರತ್ತೆ ಹೆಚ್ಚಿಗೆ ಇರುತ್ತಿದ್ದುದು ಏಕೆಂದು ನನಗೆ ಆಗ ಹೊಳೆಯಿತು. ಅತ್ತೆ ಸೊಸೆ ದಿನಾ ಅವರವರೇ ತಿಕ್ಕಾಡಿ ಸವೆಯಬಾರದಲ್ಲ.

ಸೈಕಲ್ಲಿನ ಕಥೆ ಇನ್ನೂ ಚೆನ್ನ. ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರ ಇರುತ್ತಿದ್ದ ಹಳೇ ಸೈಕಲ್ಲಿನಲ್ಲಿ ಪೆಡಲು ಚಕ್ರಕ್ಕೇ ನೇರ ಜೋಡಣೆ, ಆದ್ದರಿಂದ ವೇಗ ಬೇಕಾದರೆ ಚಕ್ರ ದೊಡ್ಡದಾಗಬೇಕು, ಚಕ್ರ ದೊಡ್ಡದಾದರೆ ಸವಾರನ ಕಾಲು ಉದ್ದವಿರಬೇಕು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಚೈನು ಹಾಕಿದ ‘ಸೇಫ್ಟಿ’ ಸೈಕಲ್ ತಂದ ಮೇಲೆ ಕುಳ್ಳರಿಗೂ ಬಿಡುಗಡೆ ಸಿಕ್ಕಿತು. ಆದರೆ ಹಳಬರು ಬಿಡಬೇಕಲ್ಲ! ಈ ಸಣ್ಣ ಚಕ್ರ ಎಷ್ಟು ಇಂಚಿನ ದೊಡ್ಡ ಚಕ್ರಕ್ಕೆ ಸಮ ಎಂದು ಕೇಳತೊಡಗಿದರು. ಇಲ್ಲದ ಆ ಚಕ್ರದ ಅಳತೆಗೆ ‘ಗೇರ್ ಇಂಚು’ ಎಂದು ಹೆಸರು. ಇಂಗ್ಲೆಂಡಿನ ಸೈಕಲ್ ಮಂದಿ ಇವತ್ತಿಗೂ ಅದರಲ್ಲೇ ಮಾತಾಡುತ್ತಾರೆ.

ಸೈಕಲ್ ಚೈನು ನಮ್ಮ ಮನೆಗೂ ಒಂದು ಉಪಕಾರ ಮಾಡಿದೆ. ನಾನು ಸಣ್ಣವಳಿದ್ದಾಗ ಅಪ್ಪ ಹೊಸ ಜರಿಪಂಚೆ ಉಟ್ಟು, ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಒಂದು ಮದುವೆಗೆ ಹೊರಟಿದ್ದರು. ಇಳಿಜಾರಿನಲ್ಲಿ ಪಂಚೆಯ ತುದಿ ಚೈನಿಗೆ ಸಿಕ್ಕಿತು. ಎಳೆದರೆ ಹರಿಯುತ್ತದೆ, ಬಿಟ್ಟರೆ ಇನ್ನಷ್ಟು ಒಳಗೆ ಹೋಗುತ್ತದೆ. ಪೆಡಲನ್ನು ಹಿಂದಕ್ಕೆ ಕೈಯಲ್ಲೇ ತಿರುಗಿಸಿ ತಿರುಗಿಸಿ ಅಂತೂ ಬಿಡಿಸಿದರು. ಜರಿ ಅಂಚಿನ ಮೇಲೆ ಸಮದೂರದಲ್ಲಿ, ಗ್ರೀಸಿನ ಕರಿಹಲ್ಲುಗಳ ಇನ್ನೊಂದು ಅಂಚು ಮೂಡಿತ್ತು. ಮಂಟಪದಲ್ಲಿ ಯಾರೋ ಹಿರಿಯರು ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, “ಇದು ಯಾವ ಊರಿನ ನೇಯ್ಗೆ?” ಎಂದು ಕೇಳಿದರು. ಅಪ್ಪ ಗಂಭೀರವಾಗಿ “ಕಾಂಚೀಪುರ” ಎಂದರು.

ಬಟ್ಟೆ ಚಕ್ರಕ್ಕೆ ಸಿಗುವುದು ಭಾರತದಲ್ಲಿ ಕಾನೂನಿನ ಗಮನಕ್ಕೂ ಬಂದಿರುವ ಸಂಗತಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಬೈಕಿನ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಭಾಗಕ್ಕೆ ಹಿಂದೆ ಕೂತವರ ಬಟ್ಟೆ ಸಿಕ್ಕದಂಥ ಅಡ್ಡ ಇರಬೇಕು. ನಮ್ಮ ಬಾಯಲ್ಲಿ ಅದು ಸ್ಯಾರಿ ಗಾರ್ಡ್. ಮಗ ಹೊಸ ಗಾಡಿ ತಂದ ವಾರವೇ ಲುಕ್ ಹಾಳಾಗುತ್ತದೆಂದು ಬಿಚ್ಚಿಸಲು ಹೋಗಿ ನನ್ನಿಂದ ಬೈಸಿಕೊಂಡ.

ಬಟ್ಟೆ ಯಂತ್ರಕ್ಕೆ ಸಿಗುವುದಷ್ಟೇ ಅಲ್ಲ, ಯಂತ್ರವನ್ನು ಕಾಪಾಡಿದ್ದೂ ಉಂಟು. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಗಂಡನಿಗೆ ಹೇಳದೆ, ಅವನು ಕಟ್ಟಿದ ಕಾರು ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟುಬಿಟ್ಟಳು. ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ವೈರಿನ ಹೊದಿಕೆ ಸವೆದಾಗ ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಸುತ್ತಿದಳು. ಬ್ರೇಕಿಗೆ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಏರು ಬಂದಾಗ ಹುಡುಗರು ಇಳಿದು ತಳ್ಳಿದರು. ಹಿಂತಿರುಗಿ ಬಂದವಳು ಏರು ಹತ್ತಲು ಇನ್ನೊಂದು ಕೆಳಗಿನ ಗೇರ್ ಬೇಕು ಎಂದಳು, ಗಂಡ ಹಾಕಿಸಿದ. ಹಳೇ ಅರ್ಥದ ಗೇರ್ ಕೈಹಿಡಿಯದಿದ್ದರೆ ಹೊಸ ಅರ್ಥದ ಗೇರ್ ದಾರಿಯಲ್ಲೇ ನಿಲ್ಲುತ್ತಿತ್ತು. ಇದನ್ನು ಹೇಳಿದಾಗ ನಮ್ಮ ಯಜಮಾನರಿಗೆ ಬೇರೆಯದೇ ಚಿಂತೆ: “ಹೇಳದೆ ಗಾಡಿ ತಗೊಂಡು ಹೋದ್ಲಾ?”

ಅವರ ಗಾಡಿಯನ್ನು ಹಾಗೆ ತೆಗೆದುಕೊಂಡು ಹೋಗಲು ಸಾಧ್ಯವೇ ಇಲ್ಲ ಬಿಡಿ. ಇದೇ ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದವು. 1996ರಲ್ಲಿ ಬಾಗಿಲು ಮುಚ್ಚಿತು. ಆ ಗಾಡಿಗಳ ವೈಶಿಷ್ಟ್ಯವೆಂದರೆ ಕಿಕ್ಕರೂ ಗೇರ್ ಲಿವರೂ ಒಂದೇ. ಎಡಗಡೆಯ ಲಿವರನ್ನು ಒಳಕ್ಕೆ ಒತ್ತಿ ತಿರುಗಿಸಿ ಒದ್ದರೆ ಸ್ಟಾರ್ಟು, ಮತ್ತೆ ಜಾಗಕ್ಕೆ ತಂದರೆ ಅದೇ ಗೇರು. ಗೊತ್ತಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಬೀಗ ಬೇಡ. ನನ್ನ ತಮ್ಮ ಒಮ್ಮೆ ಬಲಗಡೆ ಕಿಕ್ಕರ್ ಹುಡುಕಿ ಹುಡುಕಿ ಸಾಕಾಗಿ, ಇಳಿಜಾರಿನಲ್ಲಿ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿದ್ದ.

ಅಮ್ಮನ ಗೇರನ್ನು ಈ ಜಗಳದಿಂದ ಹೊರಗಿಡೋಣವೆಂದರೆ ಅದೂ ಬಟ್ಟೆಗೇ ಬಂದು ಸೇರುತ್ತದೆ. ತಿನ್ನುವ ಗೇರು ಬ್ರೆಜಿಲಿನಿಂದ ಪೋರ್ಚುಗೀಸರು ತಂದ ಮರ. ಅದಕ್ಕೂ ಮೊದಲಿನಿಂದ ಇಲ್ಲಿದ್ದದ್ದು ಕರಿಗೇರು. ಅಗಸರು ಅದರ ಕಪ್ಪು ರಸದಿಂದಲೇ ಯಾರ ಬಟ್ಟೆ ಯಾರದೆಂದು ಗುರುತು ಹಾಕುತ್ತಿದ್ದರು, ಎಷ್ಟು ಒಗೆದರೂ ಹೋಗದ ಗುರುತು. ಅದರ ರಸ ಮೈಗೆ ತಾಗಿದರೆ ಕೆಲವರಿಗೆ ಗುಳ್ಳೆ ಏಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿಳಿದ ಪರದೇಶದ ಸೈನಿಕರಿಗೆ ಕುತ್ತಿಗೆಯ ಹಿಂದೆ, ಸೊಂಟದಲ್ಲಿ, ಗುರುತು ತಾಗಿದ ಕಡೆಯೆಲ್ಲ ತುರಿಕೆ ಎದ್ದು, ವೈದ್ಯರು ಅದಕ್ಕೆ ಧೋಬಿಯ ಹೆಸರಿನಲ್ಲೇ ಒಂದು ಕಾಯಿಲೆ ಬರೆದಿಟ್ಟರು. ಇಂಗ್ಲಿಷ್ ಗೇರಿಗೆ ನಮ್ಮ ಗೇರು ಕೊಟ್ಟ ಉತ್ತರ.

ಮಗ ಈಗ ಟ್ರೆಕ್ಕಿಂಗ್ ಬಿಟ್ಟು ರೈಡಿಂಗ್ ಗೇರಿಗೆ ಬಂದಿದ್ದಾನೆ. ಭುಜಕ್ಕೆ, ಮೊಣಕೈಗೆ, ಬೆನ್ನಿಗೆ ಗಟ್ಟಿ ತಟ್ಟೆ ಕೂರಿಸಿದ ಜಾಕೆಟ್ಟು, ಮಂಡಿಗೆ ಚಿಪ್ಪು, ಗೆಣ್ಣಿಗೆ ಕವಚವಿರುವ ಕೈಗವಸು. ಅಂಗಡಿಯವರು ಅದನ್ನು ‘ಆರ್ಮರ್’ ಎಂದೇ ಮಾರುತ್ತಾರೆ. ಎಂಟುನೂರು ವರ್ಷ ಅಲೆದಾಡಿದ ಪದ ವಾಪಸು ಯೋಧನ ಮೈಮೇಲೇ ಬಂದು ಕೂತಂತಾಯಿತು. ಯೋಧ ಹೀಗೆ ಸರ್ವಸನ್ನದ್ಧನಾಗಿ ಏಪ್ರಿಲ್ ಬಿಸಿಲಿನಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೆವರುತ್ತಾ ನಿಂತಿರುತ್ತಾನೆ, ಗೇರೇ ಇಲ್ಲದ ಸ್ಕೂಟರಿನ ಮೇಲೆ. ಯಜಮಾನರಿಗೆ ಇದಕ್ಕಿಂತ ದೊಡ್ಡ ದುಃಖವಿಲ್ಲ. ಯೆಜ್ಡಿ ಓಡಿಸಿದವರ ಮಗನ ಲೈಸೆನ್ಸಿನ ಮೇಲೆ ಸರ್ಕಾರವೇ ‘ಎಂಸಿಡಬ್ಲ್ಯುಒಜಿ’ ಎಂದು ಅಚ್ಚು ಹಾಕಿದೆ. ಮೋಟಾರ್ ಸೈಕಲ್, ವಿತೌಟ್ ಗೇರ್. ಅದನ್ನು ಹಿಡಿದು ತೋರಿಸಿ ಅವರು ಕೊರಗುವಾಗ ನಾನು ಹೇಳಿದೆ, ರೀ, ಇದನ್ನು 1200ನೇ ಇಸವಿಯ ಇಂಗ್ಲೆಂಡಿನವನಿಗೆ ಓದಿ ಹೇಳಿದರೆ, ಈ ಹುಡುಗ ಮೈಮೇಲೆ ಬಟ್ಟೆಯಿಲ್ಲದೆ ಗಾಡಿ ಓಡಿಸಬಹುದು ಎಂದು ಸರ್ಕಾರ ಅಪ್ಪಣೆ ಕೊಟ್ಟಿದೆ ಅಂದುಕೊಳ್ಳುತ್ತಾನೆ ಎಂದು. ಅವರು ಲೈಸೆನ್ಸನ್ನು ಇನ್ನೊಮ್ಮೆ ತಿರುಗಿಸಿ ನೋಡಿ, “ಎಷ್ಟು ವರ್ಷಕ್ಕೆ ಕೊಟ್ಟಿದ್ದಾರೆ?” ಎಂದರು.