ಸ್ಕ್ರೂ ಆ ಕಡೆಗಿತ್ತು

ಭಾವನಿಗೆ ಗಾಡಿ ಹತ್ತಿದ ಕೂಡಲೇ ಷೂ ಬಿಚ್ಚುವ ಚಟ. ಅವತ್ತೂ ಬಿಚ್ಚಿದರು, ಪಕ್ಕದ ಸೀಟಿನಲ್ಲಿ ಆರಾಮಾಗಿ ಕಾಲು ಚಾಚಿದರು, ಚಾಚಿದ ಕಾಲನ್ನು ತಟ್ಟನೆ ಮೇಲೆತ್ತಿಕೊಂಡರು.

“ಏನಯ್ಯಾ, ಕೆಳಗೆಲ್ಲ ನೀರು?”

ಕಾಲುಚೀಲ ಹಿಂಡಿ ತೋರಿಸಿದರು. ಬೆಚ್ಚಗಿನ, ಹಸಿರು ಛಾಯೆಯ, ಬೆರಳಿಗೆ ಅಂಟುವ ನೀರು. ಮೂಸಿಯೂ ನೋಡಿದರು. “ಸೆಂಟು ಗಿಂಟು ಚೆಲ್ಲಿದೀಯಾ? ಸಿಹಿ ಸಿಹಿ ವಾಸನೆ.”

“ಇಲ್ಲ ಭಾವ, ಹೀಟರ್ ಹೋಗಿದೆ.”

“ಹೀಟರ್ ಹೋದರೆ ಚಳಿಯಾಗಬೇಕು. ಒದ್ದೆ ಯಾಕಾಗುತ್ತೆ?”

ಎರಡೂ ಆಗುತ್ತದೆ ಎಂದು ಬಿಡಿಸಿ ಹೇಳುವ ವ್ಯವಧಾನ ನನಗಿರಲಿಲ್ಲ. ಎದುರಿನ ಗಾಜಿಗೆ ಒಳಗಿನಿಂದ ಜಿಡ್ಡು ಮಂಜು ಕವಿದಿತ್ತು. ಬರೀ ಉಸಿರಿನ ಮಂಜಾದರೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಇದು ಕೂಲೆಂಟಿನ, ಅಂದರೆ ಎಂಜಿನ್ ತಣ್ಣಗಿಡಲು ಸುತ್ತುವ ದ್ರವದ ಆವಿ. ಒರೆಸಿದಷ್ಟೂ ಹರಡಿಕೊಂಡು, ಎದುರಿನಿಂದ ಬರುವ ಒಂದು ದೀಪವನ್ನು ಹತ್ತು ಮಾಡಿ ತೋರಿಸುತ್ತದೆ. ಅದರಲ್ಲಿ ನಿಜವಾದದ್ದು ಯಾವುದೆಂದು ಆರಿಸುತ್ತಾ ಗಾಡಿ ಓಡಿಸುವವನು ಭಾವನಿಗೆ ಪಾಠ ಹೇಳಲಾರ.

ಆ ಸಿಹಿ ಕೂಲೆಂಟಿನಲ್ಲಿ ನೀರಿನ ಜೊತೆ ಬೆರೆಸಿರುವ ಎಥಿಲೀನ್ ಗ್ಲೈಕಾಲಿನದು. ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿಯೋ ಬೆಕ್ಕೋ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಆದ್ದರಿಂದ ಗಾಡಿ ರಿಪೇರಿಗಿಂತ ಮೊದಲು ನೆಲ ಒರೆಸಬೇಕು. ಅದರ ಇನ್ನೊಂದು ಗುಣ ನನಗೆ ಬಹಳ ಇಷ್ಟ. ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಶುದ್ಧ ಗ್ಲೈಕಾಲ್ ಸುಮಾರು ಮೈನಸ್ 13ಕ್ಕೆ. ಎರಡನ್ನೂ ಸಮಸಮ ಬೆರೆಸಿದರೆ ಸುಮಾರು ಮೈನಸ್ 37ರವರೆಗೂ ಹೆಪ್ಪುಗಟ್ಟದೆ ಹರಿಯುತ್ತದೆ. ಭಾವ-ಭಾವಮೈದುನರನ್ನು ಒಂದೇ ಗಾಡಿಯಲ್ಲಿ ಕೂರಿಸಿದಾಗಲೂ ಹಾಗೆಯೇ ಆಗಬೇಕಿತ್ತು, ಆಗುವುದಿಲ್ಲ.

ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಹೀಟರ್ ಸರಿಮಾಡಿಸುತ್ತೇನೆ ಎಂದರೆ ಜನ ನಗುತ್ತಾರೆ. ಅದರಲ್ಲೂ ಒಂದು ಜಾತಿಯ ಗಂಡಸರಿದ್ದಾರೆ. ಕೆಸರಿನಲ್ಲಿ ಗಾಡಿ ಹೂತುಹಾಕುವುದನ್ನೇ ರಜೆಯ ಕಾರ್ಯಕ್ರಮ ಮಾಡಿಕೊಂಡವರು. “ಇಂಥ ಗಾಡಿಗೆ ಹೀಟರ್ ಯಾಕ್ರೀ, ಸ್ವೆಟರ್ ಹಾಕ್ಕೊಳ್ಳಿ” ಎನ್ನುತ್ತಾರೆ. ಮುಂದಿನ ಬಂಪರಿಗೆ ಹೂತ ಗಾಡಿ ಎಳೆಯುವ ವಿಂಚು, ಮಾಡಿನ ಮೇಲೆ ಸಾಲು ದೀಪ, ನೀರಿಗಿಳಿಯದ ಗಾಡಿಗೆ ನೀರಿನ ಮೇಲಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ, ಇಷ್ಟೂ ಅವರ ಲೆಕ್ಕದಲ್ಲಿ ಅಗತ್ಯ. ಕಾಲಿಗೆ ಒಂದಿಷ್ಟು ಬಿಸಿಗಾಳಿ ಮಾತ್ರ ಸೋಮಾರಿಯ ಶೋಕಿ. ಸ್ವೆಟರನ್ನು ಎದುರಿನ ಗಾಜಿಗೆ ಹಾಕುವುದು ಹೇಗೆಂದು ಇವರು ಇದುವರೆಗೂ ಹೇಳಿಲ್ಲ.

ಈ ಧೋರಣೆ ಇವರು ಹುಟ್ಟುಹಾಕಿದ್ದಲ್ಲ, ಗಾಡಿಗಳ ವಂಶದಲ್ಲೇ ಇದೆ. 1941ರಲ್ಲಿ ಬಂದ ಸೈನ್ಯದ ವಿಲ್ಲಿಸ್ ಜೀಪಿಗೆ ಹೀಟರ್ ಹಾಗಿರಲಿ, ಬಾಗಿಲೇ ಇರಲಿಲ್ಲ. ಎದುರಿನ ಗಾಜನ್ನು ಬಾನೆಟ್ಟಿನ ಮೇಲೆ ಮಡಚಿ ಮಲಗಿಸಬಹುದಿತ್ತು. ಮಂಜಿನ ಸಮಸ್ಯೆ ಅಲ್ಲಿಗೇ ಮುಗಿಯಿತು. 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಕಾಣಿಸಿಕೊಂಡಾಗ ಅದರ ಎಂಜಿನ್ನಿನ ಶಕ್ತಿಯನ್ನು ಹೊರಗೆ ತೆಗೆದು ಗರಗಸ ಓಡಿಸುವ, ಹೊಲದ ಯಂತ್ರ ತಿರುಗಿಸುವ ಏರ್ಪಾಟುಗಳಿದ್ದವು. ಕೂತವನ ಕಾಲು ಬೆಚ್ಚಗಿಡುವ ಹೀಟರ್ ಮಾತ್ರ ಎಷ್ಟೋ ವರ್ಷ ಬೇಕಾದವರು ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ವಸ್ತುವಾಗಿಯೇ ಉಳಿಯಿತು. ಮರ ಕೊಯ್ಯಲು ಶಕ್ತಿಯಿದೆ, ಕಾಲ್ಬೆರಳಿಗಿಲ್ಲ.

ಹೊಟ್ಟೆ ಉರಿಯುವುದು ಇದಕ್ಕೆ: ಗಾಡಿಗೆ ಹಾಕಿದ ಇಂಧನದಲ್ಲಿ ಚಕ್ರ ತಿರುಗಿಸುವುದಕ್ಕೆ ಬಳಕೆಯಾಗುವುದು ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸ್ವಲ್ಪ ಹೊಗೆಕೊಳವೆಯಲ್ಲಿ, ಸ್ವಲ್ಪ ರೇಡಿಯೇಟರಿನಲ್ಲಿ. ನಾವು ದುಡ್ಡು ಕೊಟ್ಟ ಬಿಸಿ ಅದು. ಅಷ್ಟನ್ನೂ ರಸ್ತೆಗೆ ಸುರಿಯುತ್ತಾ, ಒಳಗೆ ಹಲ್ಲು ಕಡಿಯುತ್ತಾ ಕೂರುವುದಕ್ಕೆ ಗಂಡಸ್ತನ ಎಂದು ಹೆಸರು. ಈ ಹೀಟರಿನ ವಿಚಾರವಾಗಿ ನನಗೊಂದು ದೊಡ್ಡ ಸತ್ಯವೇ ಹೊಳೆದಿದೆ, ಅದನ್ನು ಹೇಳಬೇಕೆಂದೇ ಬರೆಯಲು ಕೂತದ್ದು. ಅದಕ್ಕೆ ಮೊದಲು ಕ್ಲಿಪ್ಪಿನ ವಿಷಯ ಮುಗಿಸಿಬಿಡುತ್ತೇನೆ.

ಒಳಗೆ ಕೂಲೆಂಟ್ ಸೋರಿದರೆ ಹೀಟರ್ ಕೋರೇ, ಅಂದರೆ ಬಿಸಿ ಕೂಲೆಂಟ್ ಹಾದು ಗಾಳಿ ಕಾಯಿಸುವ ಪುಟ್ಟ ರೇಡಿಯೇಟರೇ, ತೂತಾಗಿರಬೇಕೆಂದಿಲ್ಲ. ಕೋರಿನ ಮೂತಿಗೆ ರಬ್ಬರ್ ಹೋಸನ್ನು ಬಿಗಿದಿಡುವ ಕ್ಲಿಪ್ಪು ಸಡಿಲಾಗಿದ್ದರೂ ಸಾಕು. ಹಾಗಾಗಿ ಮೊದಲು ಕ್ಲಿಪ್ಪು ನೋಡಬೇಕು, ನೋಡಲು ತಲೆ ಡ್ಯಾಶ್‌ಬೋರ್ಡಿನ ಕೆಳಗೆ ತೂರಬೇಕು. ಸೊಂಟ ಸೀಟಿನ ಮೇಲೆ, ಕಾಲು ಬಾಗಿಲಾಚೆ, ಬಾಯಲ್ಲಿ ಟಾರ್ಚು.

ಕ್ಲಿಪ್ಪಿಗೆ ಒಳ್ಳೆಯ ಚರಿತ್ರೆಯಿದೆ. ಬ್ರಿಟಿಷ್ ನೌಕಾಪಡೆಯಲ್ಲಿ ಕಮಾಂಡರ್ ಆಗಿದ್ದ ಲಮ್ಲಿ ರಾಬಿನ್ಸನ್ ಎಂಬಾತ 1921ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಜುಬಿಲಿ ಕ್ಲಿಪ್ ಎಂದು ಹೆಸರಿಟ್ಟ. ಒಂದು ಉಕ್ಕಿನ ಪಟ್ಟಿ, ಅದರ ಮೈಮೇಲೆ ಅಡ್ಡಡ್ಡ ಗೀರು, ಆ ಗೀರುಗಳನ್ನು ಕಚ್ಚಿ ಎಳೆಯುವ ಒಂದು ಸ್ಕ್ರೂ. ತಿರುಗಿಸಿದರೆ ಬಿಗಿ, ಹಿಂದಕ್ಕೆ ತಿರುಗಿಸಿದರೆ ಸಡಿಲ. ನೂರು ವರ್ಷ ದಾಟಿದರೂ ಇದಕ್ಕಿಂತ ಸರಳವಾದದ್ದನ್ನು ಯಾರೂ ಮಾಡಿಲ್ಲ. ಆ ಕಮಾಂಡರನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಸಿಟ್ಟಿರುವುದು ಸ್ಕ್ರೂವಿನ ತಲೆ ಆ ಕಡೆಗೆ ತಿರುಗಿಸಿ ಕೂರಿಸಿದವನ ಮೇಲೆ.

ಯಾವ ಹಳೆಯ ಗಾಡಿಯನ್ನೇ ತೆಗೆದುಕೊಳ್ಳಿ, ಸ್ಕ್ರೂ ಆ ಕಡೆಗಿರುತ್ತದೆ. ಲೋಹದ ಗೋಡೆಗೆ ಮುಖಮಾಡಿ, ಸ್ಕ್ರೂಡ್ರೈವರಿನ ಹಿಡಿಗಿಂತ ಒಂದು ಬೆರಳು ಕಡಿಮೆ ಜಾಗ ಬಿಟ್ಟುಕೊಂಡು. ಬಹಳ ದಿನ ಇದನ್ನು ದುರುದ್ದೇಶ ಎಂದೇ ನಂಬಿದ್ದೆ. ಆಮೇಲೆ ತೋರಿತು: ಕಾರ್ಖಾನೆಯಲ್ಲಿ ಅದನ್ನು ಬಿಗಿದವನ ಕಣ್ಣಿಗೆ ಅದು ನೇರವಾಗಿಯೇ ಇತ್ತು. ಆಗ ಡ್ಯಾಶ್‌ಬೋರ್ಡ್ ಇರಲಿಲ್ಲ, ಸೀಟು ಇರಲಿಲ್ಲ, ಎಂಜಿನ್ನೂ ಕೂತಿರಲಿಲ್ಲವೋ ಏನೋ. ಖಾಲಿ ತಗಡಿನ ಮುಂದೆ ನಿಂತು, ಸಿಳ್ಳೆ ಹಾಕಿಕೊಂಡು ಎರಡು ಸುತ್ತು ತಿರುಗಿಸಿ ಕಳಿಸಿರುತ್ತಾನೆ. ಅವನ ನಂತರದವರು ಒಬ್ಬೊಬ್ಬರಾಗಿ ಬಂದು ಒಂದೊಂದು ಭಾಗವನ್ನು ಅದಕ್ಕೆ ಅಡ್ಡ ಇಟ್ಟರು. ಯಾರದೂ ತಪ್ಪಲ್ಲ. ಯಾರದೂ ತಪ್ಪಲ್ಲದ ಕೆಲಸಗಳೇ ಹೆಚ್ಚು ಮೈ ಉರಿಸುತ್ತವೆ. ಬೈಯಲು ಒಬ್ಬ ಮನುಷ್ಯನಾದರೂ ಬೇಡವೇ?

ಇನ್ನು ಸ್ಪ್ರಿಂಗ್ ಕ್ಲಿಪ್ಪು ಎಂಬುದೊಂದಿದೆ. ಅದಕ್ಕೆ ಸ್ಕ್ರೂವೇ ಇಲ್ಲ, ಪಕ್ಕಡಿನಲ್ಲಿ ಎರಡು ಕಿವಿ ಹಿಚುಕಿ ಜಾರಿಸಬೇಕು. ಗುಣ ಹೇಳಲೇಬೇಕು: ರಬ್ಬರ್ ಹಳತಾಗಿ ಕುಗ್ಗಿದರೂ ತಾನೂ ಕುಗ್ಗಿ ಹಿಡಿತ ಬಿಡುವುದಿಲ್ಲ. ಸ್ಕ್ರೂ ಕ್ಲಿಪ್ಪಿಗೆ ಆ ಬುದ್ಧಿ ಇಲ್ಲ. ಬೆಳಗಿನ ಚಳಿಗೆ ಸೋರಿ, ಎಂಜಿನ್ ಬಿಸಿಯಾದ ಮೇಲೆ ಏನೂ ಗೊತ್ತಿಲ್ಲದಂತೆ ನಿಂತುಬಿಡುತ್ತದೆ. ಹೀಗಾಗಿ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದಾಗ ಯಾವತ್ತೂ ಸೋರುವುದಿಲ್ಲ. ಆದರೆ ಸ್ಪ್ರಿಂಗ್ ಕ್ಲಿಪ್ಪು ಪಕ್ಕಡಿನಿಂದ ಜಾರಿತೆಂದರೆ ಹಾರುತ್ತದೆ. ಹಾರಿದ್ದು ನೆಲಕ್ಕೆ ಬೀಳುವುದಿಲ್ಲ. ಷಾಸಿಯ ಟೊಳ್ಳು ತೊಲೆಯಲ್ಲಿ ಒಂದು ರಂಧ್ರ ಹುಡುಕಿಕೊಂಡು ಹೋಗಿ, ಹಿಂದಿನ ಮಾಲೀಕರ ನಟ್ಟು ಬೋಲ್ಟುಗಳ ಜೊತೆ ವಾಸಕ್ಕೆ ಕೂರುತ್ತದೆ. ಗುಂಡಿಯ ಮೇಲೆ ಗಾಡಿ ಹೋದಾಗ ಗಲಗಲ ಸದ್ದು ಮಾಡಿ ಕ್ಷೇಮ ಸಮಾಚಾರ ತಿಳಿಸುತ್ತದೆ.

ನನ್ನ ಗಾಡಿಯ ಕ್ಲಿಪ್ಪುಗಳು ಒಣಗಿದ್ದವು. ತೂತಾಗಿದ್ದದ್ದು ಕೋರೇ.

“ಎರಡು ಹೋಸನ್ನೂ ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡಿಬಿಡ್ತೀನಿ ಸಾರ್, ಹೀಟರ್ ಗೋಜೇ ಇರಲ್ಲ” ಎಂದ ಮೆಕ್ಯಾನಿಕ್. ಹಲ್ಲು ನೋವಿಗೆ ಊಟ ಬಿಡಿ ಎಂದಷ್ಟು ಸುಲಭ. ರೇಡಿಯೇಟರಿಗೆ ಸೋರಿಕೆ ನಿಲ್ಲಿಸುವ ಪುಡಿ ಸುರಿಯಿರಿ ಎಂದರು ಇನ್ನೊಬ್ಬರು. ಆ ಪುಡಿ ತೂತನ್ನು ಮುಚ್ಚುವುದರ ಜೊತೆಗೆ ಕೋರಿನ ಸಣ್ಣ ನಳಿಗೆಗಳನ್ನೂ ಕಟ್ಟಿಹಾಕಿ, ಸೋರದ ಆದರೆ ಬಿಸಿಯೂ ಆಗದ ಹೀಟರನ್ನು ಕೊಡುತ್ತದೆ. ಭಾವ ಏನೂ ಹೇಳಲಿಲ್ಲ. ಮುಂದಿನ ಸಲ ಬಸ್ಸಿನಲ್ಲಿ ಬರುತ್ತೇನೆ ಎಂದರು, ಅಷ್ಟೇ.

ಬಿಚ್ಚಿದ್ದನ್ನು ವಿಸ್ತರಿಸುವುದಿಲ್ಲ. ಗ್ಲೋವ್ ಬಾಕ್ಸ್, ಡ್ಯಾಶ್‌ಬೋರ್ಡಿನ ಅರ್ಧ, ಮುಟ್ಟಿದರೆ ಪುಡಿಯಾಗುವ ಸ್ಪಂಜು, ಫ್ಯಾನಿನೊಳಗೆ ಒಣಗಿದೆಲೆಯ ಇಲಿಗೂಡು. ಹಳೆಯ ಹೋಸನ್ನು ಎಳೆಯಬಾರದು, ಚಾಕುವಿನಿಂದ ಉದ್ದಕ್ಕೆ ಸೀಳಬೇಕು. ಹೋಸು ಅಗ್ಗ, ಹಿತ್ತಾಳೆ ಮೂತಿ ಮುರಿದರೆ ಆಯಿತು ಕಥೆ. ತಾಮ್ರ-ಹಿತ್ತಾಳೆಯ ಹಳೆಯ ಕೋರಿಗೆ ಬೆಸುಗೆ ಹಾಕಬಹುದು. ಹೊಸದಾಗಿ ಬರುವ ಅಲ್ಯುಮಿನಿಯಂ ಕೋರಿಗೆ ಪ್ಲಾಸ್ಟಿಕ್ ತೊಟ್ಟಿ ಮಡಚಿ ಕಚ್ಚಿಸಿರುತ್ತಾರೆ, ತೂತಾದರೆ ಬಿಸಾಡುವುದೇ. ಇದನ್ನು ಪ್ರಗತಿ ಎಂದು ಕರೆಯುವವರ ಜೊತೆ ನಾನು ವಾದ ಮಾಡುವುದಿಲ್ಲ.

ಹೊಸ ಕೋರು ಕೂರಿಸಿ ಕೂಲೆಂಟ್ ತುಂಬಿದ ಮೇಲೂ ತಣ್ಣನೆಯ ಗಾಳಿಯೇ ಬಂದರೆ ಗಾಬರಿಯಾಗಬಾರದು, ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಬೇಕು. ಗುಳುಗುಳು ಎಂದು ಗುಳ್ಳೆಗಳು ಹೊರಬಂದ ಮೇಲೆ ಎರಡು ಹೋಸನ್ನೂ ಮುಟ್ಟಿ ನೋಡಬೇಕು. ಎರಡೂ ಬಿಸಿಯಿದ್ದರೆ ನೀರು ಸುತ್ತುತ್ತಿದೆ ಎಂದರ್ಥ.

ಎರಡೂ ಬಿಸಿಯಿದ್ದವು. ಕಾಯಿಸಿದ ಧೂಳಿನ ಘಾಟು, ಅದರ ಹಿಂದೆಯೇ ಬಿಸಿಗಾಳಿ. ಗಾಜು ತಿಳಿಯಾಯಿತು. ಆದರೆ ಬಿಸಿ ಬರುತ್ತಿರುವುದು ಓಡಿಸುವವನ ಕಾಲಿಗೆ ಮಾತ್ರ. ಪಕ್ಕದ ಸೀಟಿನ ಕಡೆಗೆ ಗಾಳಿ ಒಯ್ಯುವ ಕೊಳವೆ ಯಾವ ಮಾಲೀಕರ ಕಾಲದಲ್ಲೋ ಕಾಣೆಯಾಗಿದೆ. ವಿಚಾರಿಸಿದೆ, ಆ ಭಾಗವನ್ನು ಈಗ ಯಾರೂ ತಯಾರಿಸುವುದಿಲ್ಲವಂತೆ. ಅದನ್ನು ಕೂರಿಸುವ ಕ್ಲಿಪ್ಪು ಮಾತ್ರ ಎಷ್ಟು ಬೇಕಾದರೂ ಸಿಗುತ್ತದಂತೆ.